ಕೆಳಗಿನ ತುಂಡು ಎಲ್ಲಿದೆ? ಗ್ರಾಮ ಪಂಚಾಯ್ತಿಗಳಿಗೊಂದು ಬಹಿರಂಗ ಪತ್ರ

ನಾಡಿನ ಎಲ್ಲ ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒಗಳಿಗೆ,

ನಮಸ್ಕಾರ.

ಒಂದು ಕಲ್ಲಿನ ವಿಷಯವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮೂರಿನ ಕೆರೆ ಏರಿಯ ಮೇಲೆ ಒಂದು ಬರಹದ ಕಲ್ಲು ಇತ್ತು. ಆಳೆತ್ತರಕ್ಕಿಂತ ಸ್ವಲ್ಪ ಕಡಿಮೆ. ತಲೆಯ ಭಾಗದಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲು ಕೊಡುತ್ತಿರುವ ಹಸು. ಅದರ ಕೆಳಗೆ ಒತ್ತೊತ್ತಾಗಿ ಅಕ್ಷರದ ಸಾಲುಗಳು. ಚಿಕ್ಕವರಿದ್ದಾಗ ನಾವು ಅದಕ್ಕೆ ಒರಗಿ ಕೂತು ಹುಣಸೆಕಾಯಿ ತಿನ್ನುತ್ತಿದ್ದೆವು. ಕಾಲು ತಾಗಿಸಬೇಡಿ ಅಂತ ಅಜ್ಜಿ ಗದರುತ್ತಿದ್ದಳು. ಯಾಕೆ ಅಂದರೆ, ಅದರಲ್ಲಿ ನಮ್ಮೂರಿನ ಸುದ್ದಿ ಬರೆದಿದೆ ಅನ್ನುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

ಕೆಲವು ವರ್ಷದ ಹಿಂದೆ ಏರಿ ಮೇಲೆ ಸಿಸಿ ರಸ್ತೆ ಆಯಿತು. ರಸ್ತೆ ಬೇಕೇ ಬೇಕಿತ್ತು, ಮಳೆಗಾಲದಲ್ಲಿ ಅಲ್ಲಿ ಬೈಕು ಜಾರಿ ಕೈಕಾಲು ಮುರಿದುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಜೆಸಿಬಿ ಬಂತು. ಕಲ್ಲನ್ನು ಕಿತ್ತಿತು. ಕಲ್ಲು ಅಡ್ಡಡ್ಡ ಮುರಿದು ಎರಡಾಯಿತು. ಮೇಲಿನ ತುಂಡು ಇವತ್ತಿಗೂ ಮೋರಿಯ ಪಕ್ಕ ಮಗುಚಿ ಬಿದ್ದಿದೆ. ಕೆಳಗಿನ ತುಂಡು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿಲ್ಲ. ಮೋರಿಯ ತಳಪಾಯಕ್ಕೇ ಹೋಗಿರಬೇಕು.

ನಾನು ಇತಿಹಾಸ ಓದಿದ ಮನುಷ್ಯ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ಆ ಕಲ್ಲು ಮುರಿದ ಮೇಲೆ ಹೊಟ್ಟೆ ಉರಿದು ಹಳೆಯ ಲಿಪಿ ಕಲಿಯಲು ಕೂತೆ. ಒಂದೆರಡು ವರ್ಷ ಹಿಡಿಯಿತು. ಆಮೇಲೆ ಒಂದು ದಿನ ಸಂಜೆ ಹೋಗಿ, ಇಬ್ಬರು ಹುಡುಗರ ಕೈಲಿ ಕಲ್ಲು ಹೊರಳಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ಓದಿದೆ. "ಸ್ವಸ್ತಿ ಸಮಸ್ತ ಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕಂ ಸತ್ಯಾಶ್ರಯಕುಳತಿಳಕಂ ಚಾಳುಕ್ಯಾಭರಣಂ ಶ್ರೀಮತ್ ತ್ರಿಭುವನಮಲ್ಲದೇವರ ವಿಜಯರಾಜ್ಯಂ..." ಹೀಗೆ ಸಾಗಿ, "ಆಚಂದ್ರಾರ್ಕತಾರಂ ಬರಂ ಸಲುತ್ತಮಿರೆ" ಎಂಬಲ್ಲಿಗೆ ಬಂದು ಕಲ್ಲು ಮುಗಿಯಿತು. ಅಂದರೆ, ತ್ರಿಭುವನಮಲ್ಲನ ರಾಜ್ಯ ಸೂರ್ಯ ಚಂದ್ರ ನಕ್ಷತ್ರ ಇರುವವರೆಗೂ ನಡೆಯುತ್ತಿರಲು... ಅಷ್ಟೇ. ನಡೆಯುತ್ತಿರಲು ನಮ್ಮೂರಿನಲ್ಲಿ ಏನಾಯಿತು ಅನ್ನುವುದು ಕೆಳಗಿನ ತುಂಡಿನಲ್ಲಿತ್ತು.

ಇಷ್ಟು ಮಾತನ್ನು ನೀವು ಗಮನದಲ್ಲಿ ಇಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. 12ನೇ ಶತಮಾನದ ನಮ್ಮ ದಾನಶಾಸನಗಳಲ್ಲಿ ಮೇಲಿನ ಭಾಗ ಹೆಚ್ಚಾಗಿ ರಾಜನದು. ಅವನ ಬಿರುದುಗಳು ಊರಿಂದೂರಿಗೆ ಹೆಚ್ಚು ಕಡಿಮೆ ಅವೇ ಮಾತಿನಲ್ಲಿ ಬರುತ್ತವೆ. ಒಂದು ಕಡೆ ಹೋದರೆ ಇನ್ನೊಂದು ಕಡೆ ಸಿಗುತ್ತದೆ. ಕೆಳಗಿನ ಭಾಗ ಊರಿನದು. ಆ ನಾಡನ್ನು ಆಳುತ್ತಿದ್ದ ಸಾಮಂತ ಯಾರು, ಕೆರೆ ಕಟ್ಟಿಸಿದವರು ಯಾರು, ಯಾವ ಹೊಲದಿಂದ ಯಾವ ಹಳ್ಳದವರೆಗೆ ಎಷ್ಟು ಮತ್ತರು ನೆಲ ಬಿಟ್ಟರು, ದೇವರ ದೀಪಕ್ಕೆ ಗಾಣದವರು ಎಷ್ಟು ಎಣ್ಣೆ ಕೊಡಬೇಕು, ಅದನ್ನು ಬರೆದವನು ಯಾರು, ಕೆತ್ತಿದವನು ಯಾರು. ಇವು ಲೋಕದಲ್ಲಿ ಆ ಒಂದೇ ಕಲ್ಲಿನಲ್ಲಿ ಇರುತ್ತವೆ. ಅದು ಹೋದರೆ ಮುಗಿಯಿತು.

ತ್ರಿಭುವನಮಲ್ಲ ಅಂದರೆ ಕಲ್ಯಾಣದ ಚಾಲುಕ್ಯ ದೊರೆ 6ನೇ ವಿಕ್ರಮಾದಿತ್ಯ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅವನ ರಾಜಧಾನಿ. 1076ರಲ್ಲಿ ಅಣ್ಣನನ್ನು ಇಳಿಸಿ ಪಟ್ಟಕ್ಕೆ ಬಂದ, 1126ರವರೆಗೆ ಸುಮಾರು 50 ವರ್ಷ ಆಳಿದ. ಪಟ್ಟಕ್ಕೆ ಬಂದವನೇ ಶಕ ವರ್ಷದ ಲೆಕ್ಕ ಬದಿಗಿಟ್ಟು ತನ್ನ ಹೆಸರಿನಲ್ಲೇ ಹೊಸ ಲೆಕ್ಕ ಶುರು ಮಾಡಿದ. ನಿಮ್ಮೂರಿನ ಕಲ್ಲಿನಲ್ಲಿ "ಚಾಳುಕ್ಯ ವಿಕ್ರಮ ವರ್ಷ" ಅಂತ ಕಂಡರೆ ಮುಂದಿರುವ ಅಂಕಿಗೆ 1075 ಸೇರಿಸಿ, ನಮ್ಮ ಇಸವಿ ಸಿಗುತ್ತದೆ. 40 ಅಂತಿದ್ದರೆ 1115. ಶಾಲೆ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಒಮ್ಮೆ ಮಾಡಿಸಿ ನೋಡಿ, ಮಕ್ಕಳ ಮುಖ ಹೇಗೆ ಅರಳುತ್ತದೆ ಅಂತ.

ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣ ಎಂಬ ಕವಿ ಬಂದಿದ್ದ. ವಿಜ್ಞಾನೇಶ್ವರ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ಗ್ರಂಥ ಬರೆದದ್ದು ಅವನ ಕಾಲದಲ್ಲೇ. ಕಲಬುರಗಿ ಕಡೆಯ ಮರತೂರಿನವರು ವಿಜ್ಞಾನೇಶ್ವರ ನಮ್ಮೂರಿನವನು ಅಂತ ಹೆಮ್ಮೆಪಡುತ್ತಾರೆ. ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯ ಅಂತ ಕೋರ್ಟಿಗೆ ಹೋದವರು ಮಿತಾಕ್ಷರ ಎಂಬ ಪದವನ್ನು ವಕೀಲರ ಬಾಯಲ್ಲಿ ಕೇಳಿರುತ್ತೀರಿ. ಹೆಣ್ಣುಮಕ್ಕಳಿಗೆ ಆ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಅಂತ ಇಡೀ ದೇಶಕ್ಕೆ ಕಾನೂನು ಆಗಲು 2005ರವರೆಗೆ ಕಾಯಬೇಕಾಯಿತು. ಒಂಬೈನೂರು ವರ್ಷದ ಹಿಂದಿನ ಮನುಷ್ಯ ನಮ್ಮ ಪಹಣಿಯೊಳಗೆ ಇನ್ನೂ ಕೂತಿದ್ದಾನೆ ಅಂದರೆ ಅದು ಹಳೆಯ ಕಥೆ ಅಂತ ಹೇಗೆ ಬಿಡುವುದು?

ವಿಕ್ರಮಾದಿತ್ಯನ ಮಗ 3ನೇ ಸೋಮೇಶ್ವರ ಯುದ್ಧಕ್ಕಿಂತ ಬರವಣಿಗೆಯಲ್ಲಿ ಜಾಸ್ತಿ ಹೆಸರು ಮಾಡಿದ. ಸುಮಾರು 1129ರಲ್ಲಿ ಅವನು ಮುಗಿಸಿದ ಮಾನಸೋಲ್ಲಾಸದಲ್ಲಿ ಆನೆ ಹಿಡಿಯುವುದರಿಂದ ಹಿಡಿದು ಚಿತ್ರ ಬರೆಯುವುದು, ಹಾಡು, ಆಟ, ಅಡುಗೆ ಎಲ್ಲವೂ ಇದೆ. ಉದ್ದಿನಿಂದ ಮಾಡುವ ಇಡ್ಡರಿಕೆ ಎಂಬ ತಿಂಡಿಯ ಮಾತೂ ಬರುತ್ತದೆ, ನಮ್ಮ ಇಡ್ಲಿಯ ಅಜ್ಜಿ ಅಂತ ಅದನ್ನು ಕರೆಯಬಹುದು.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಿದ್ದೀರಾ? ಅಲ್ಲಿನ ಗುಡಿಯ ಗೋಡೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ. ಕೈಯೆತ್ತಿ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಈ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ. ಶಾಸನ ಸುಂದರಿ ಅಂತ ಅವಳಿಗೆ ಹೆಸರು. ಶ್ಲೋಕ ರಾಜನದ್ದೇ, ಆದರೆ ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ಬರೆಯುವ ಆ ಕೈ. ನಾನು ಅವಳ ಮುಂದೆ ಅರ್ಧ ಗಂಟೆ ನಿಂತಿದ್ದೆ.

ಇನ್ನು ದಕ್ಷಿಣಕ್ಕೆ ಬನ್ನಿ. ಹೊಯ್ಸಳ ವಿಷ್ಣುವರ್ಧನ ಎಲ್ಲರಿಗೂ ಗೊತ್ತು. ಸುಮಾರು 1116ರಲ್ಲಿ ಚೋಳರಿಂದ ತಲಕಾಡು ಗೆದ್ದ, ತಲಕಾಡುಗೊಂಡ ಅಂತ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಿದ, 1117ರಲ್ಲಿ ಬೇಲೂರಿನ ದೇವರನ್ನು ಪ್ರತಿಷ್ಠೆ ಮಾಡಿಸಿದ. ತಲಕಾಡನ್ನು ನಿಜವಾಗಿ ಗೆದ್ದುಕೊಟ್ಟವನು ಅವನ ದಂಡನಾಯಕ ಗಂಗರಾಜ. ಗಂಗರಾಜ ಜೈನ. ಚಾಲುಕ್ಯರ ಸೈನ್ಯವನ್ನು ಕಣ್ಣೆಗಾಲದಲ್ಲಿ ರಾತ್ರಿ ಹೊತ್ತು ಮುತ್ತಿ ಓಡಿಸಿದ ಮೇಲೆ ರಾಜ ಸಂತೋಷಪಟ್ಟು ಏನು ಬೇಕು ಕೇಳು ಅಂದನಂತೆ. ಗಂಗರಾಜ ಪರಮ ಎಂಬ ಒಂದು ಹಳ್ಳಿ ಕೇಳಿ ಪಡೆದು, ಅದನ್ನು ತನ್ನ ತಾಯಿ ಮತ್ತು ಹೆಂಡತಿ ಕಟ್ಟಿಸಿದ್ದ ಬಸದಿಗಳಿಗೆ ಬಿಟ್ಟುಕೊಟ್ಟ. ಇದು ಯಾವ ಪುರಾಣದಲ್ಲೂ ಇಲ್ಲ, ಶ್ರವಣಬೆಳಗೊಳದ ಕಲ್ಲಿನ ಮೇಲೆ ಇದೆ.

ಗಂಗರಾಜ ತೀರಿಕೊಂಡಾಗ ಮಗ ಬೊಪ್ಪ ಹಳೇಬೀಡಿನಲ್ಲಿ ತಂದೆಯ ನೆನಪಿಗೆ ಒಂದು ಬಸದಿ ಕಟ್ಟಿಸಿದ. 1133ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಪುರೋಹಿತರು ಪ್ರಸಾದ ತೆಗೆದುಕೊಂಡು ಬಂಕಾಪುರದಲ್ಲಿದ್ದ ರಾಜನ ಬಳಿ ಹೋದರು. ಅದೇ ಹೊತ್ತಿಗೆ ರಾಜನಿಗೆ ಒಂದು ಯುದ್ಧದಲ್ಲಿ ಗೆಲುವು ಸಿಕ್ಕಿತ್ತು, ಮಗನೂ ಹುಟ್ಟಿದ್ದ. ಖುಷಿಯಲ್ಲಿ ದೇವರಿಗೆ ವಿಜಯ ಪಾರ್ಶ್ವ ಅಂತ, ಮಗುವಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ. ವೈಷ್ಣವ ಅಂತ ನಾವು ಹೇಳುವ ರಾಜ, ಎದ್ದು ಜಿನನ ಪ್ರಸಾದ ತೆಗೆದುಕೊಂಡ. ಇವತ್ತು ಮೊಬೈಲಿನಲ್ಲಿ ವಿಷ್ಣುವರ್ಧನ ನಮ್ಮವನು ನಿಮ್ಮವನು ಅಂತ ಹೊಡೆದಾಡುವ ಹುಡುಗರನ್ನು ನೋಡಿದಾಗಲೆಲ್ಲ ಈ ಕಲ್ಲಿನ ಮುಂದೆ ಒಂದು ಸಲ ನಿಲ್ಲಿಸಬೇಕು ಅನ್ನಿಸುತ್ತದೆ.

ವಿಷ್ಣುವರ್ಧನನ ರಾಣಿ ಶಾಂತಲೆಯ ವಿಷಯ ನನಗೆ ಇನ್ನೂ ಹತ್ತಿರದ್ದು. ಶಿವಗಂಗೆಗೆ ಹೋದವರಿಗೆಲ್ಲ ಗೈಡುಗಳು ಒಂದು ಬಂಡೆ ತೋರಿಸಿ ಇಲ್ಲಿಂದಲೇ ರಾಣಿ ಹಾರಿದಳು ಅನ್ನುತ್ತಾರೆ. ಕೇಳಿದವರು ಕೆಳಗೆ ಇಣುಕಿ ನೋಡಿ ಬರುತ್ತಾರೆ. ಕಲ್ಲು ಹೇಳುವುದು ಬೇರೆ. ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು. ಶಾಂತಲೆ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಬೇಲೂರಿನಲ್ಲಿ ದೊಡ್ಡ ಗುಡಿಯ ಪಕ್ಕದಲ್ಲೇ ಚೆನ್ನಿಗರಾಯನ ಗುಡಿಯನ್ನೂ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಇದೆ, ಹಾರಿದಳು ಅಂತ ಇಲ್ಲ. ಮಗಳು ಹೋದ ಮೇಲೆ ನಾನಿನ್ನು ಇರಲಾರೆ ಅಂದುಕೊಂಡ ಆ ತಾಯಿ ಬೆಳಗೊಳಕ್ಕೆ ಬಂದು ಉಪವಾಸವಿದ್ದು ದೇಹ ಬಿಡುವ ಜೈನರ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ರಾಣಿಯ ಕಥೆ ಹೇಗೋ ಜನರ ಬಾಯಲ್ಲಿ ಉಳಿದುಬಿಡುತ್ತಿತ್ತು. ಮಾಚಿಕಬ್ಬೆ? ಆ ಕಲ್ಲು ಇಲ್ಲದಿದ್ದರೆ ಮಗಳಿಗಾಗಿ ಕೊರಗಿದ ಆ ಹೆಂಗಸು ಇದ್ದಳು ಅಂತಲೇ ನಮಗೆ ತಿಳಿಯುತ್ತಿರಲಿಲ್ಲ, ಅಲ್ವಾ?

ಇಂಥದ್ದೇ ಇನ್ನೊಂದು. ವಿಷ್ಣುವರ್ಧನನ ಮೊಮ್ಮಗ 2ನೇ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿ ಶಿವಭಕ್ತ. ಅವನ ಹೆಂಡತಿ ಆಚಿಯಕ್ಕ ಜೈನಳು. 1181ರಲ್ಲಿ ಅವಳು ಬೆಳಗೊಳದಲ್ಲಿ ಒಂದು ಬಸದಿ ಕಟ್ಟಿಸಿದಳು. ಗಂಡ ರಾಜನನ್ನು ಕೇಳಿ ಅದಕ್ಕೆ ಒಂದು ಊರನ್ನೇ ದತ್ತಿ ಕೊಡಿಸಿದ. ಊರಿನವರು ಇವತ್ತಿಗೂ ಅದನ್ನು ಅಕ್ಕನ ಬಸದಿ ಅನ್ನುತ್ತಾರೆ. ಯಾವ ಅಕ್ಕ ಅಂತ ಗೊತ್ತಾದದ್ದು ಶಾಸನದಿಂದ.

ಬೇಲೂರಿನ ಶಿಲ್ಪಿ ಯಾರು ಅಂತ ಕೇಳಿದರೆ ಎಲ್ಲರೂ ಜಕಣಾಚಾರಿ ಅನ್ನುತ್ತಾರೆ. ಕಪ್ಪೆ ಇದ್ದ ಕಲ್ಲಿನ ಕಥೆ ನನಗೂ ಇಷ್ಟ, ನನ್ನ ಮಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಮದನಿಕೆಯರ ಕಾಲ ಬಳಿಯ ಪುಟ್ಟ ಪುಟ್ಟ ಅಕ್ಷರಗಳನ್ನು ಓದಿದರೆ ಸಿಗುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಗದುಗಿನ ನಾಗೋಜ. ಅಪ್ಪ ಮಗ ಇಬ್ಬರೂ ಈಗಿನ ಶಿಕಾರಿಪುರದ ಕಡೆಯಿಂದ ಉಳಿ ಸುತ್ತಿಗೆ ಕಟ್ಟಿಕೊಂಡು ಅಷ್ಟು ದೂರ ನಡೆದು ಹೋಗಿದ್ದಾರೆ. ಕೆತ್ತಿದ್ದಾರೆ, ಹೆಸರು ಹಾಕಿದ್ದಾರೆ, ಹೆಸರಿನ ಮುಂದೆ ಬೇರೆ ಶಿಲ್ಪಿಗಳಿಗೆ ಸವಾಲು ಹಾಕುವಂಥ ಬಿರುದುಗಳನ್ನೂ ಹಾಕಿಕೊಂಡಿದ್ದಾರೆ. ಕೈಕೆಲಸದವರ ಹೆಮ್ಮೆ ಅಂದರೆ ಇದು. ದಾಸೋಜನ ಹೆಸರನ್ನು ಇಟ್ಟುಕೊಂಡ ಒಂದು ರಸ್ತೆಯನ್ನು ನಾನು ಎಲ್ಲೂ ನೋಡಿಲ್ಲ.

ಬಳ್ಳಿಗಾವೆ ಅಂದೆನಲ್ಲ, ಅಲ್ಲಿಗೇ ಬರುತ್ತೇನೆ. ಅಲ್ಲಮಪ್ರಭುಗಳ ಊರು ಅದು. ಅಕ್ಕಮಹಾದೇವಿಯ ಉಡುತಡಿ ಅದೇ ತಾಲ್ಲೂಕಿನಲ್ಲಿದೆ. ಬಳ್ಳಿಗಾವೆಯಲ್ಲಿ ಕೋಡಿಯ ಮಠ ಅಂತ ಇತ್ತು, ಕಾಳಾಮುಖ ಶೈವರದ್ದು. ಬಿಜ್ಜಳನ ಕಾಲದ, 1162ರ ಒಂದು ಶಾಸನ ಆ ಮಠ ಏನೇನು ಮಾಡುತ್ತಿತ್ತು ಅಂತ ಹೇಳುತ್ತದೆ. ವೇದ ಕಲಿಸುವ ಜಾಗ, ಬೇರೆ ಬೇರೆ ವ್ಯಾಕರಣ ಕಲಿಸುವ ಜಾಗ, ಆರೂ ದರ್ಶನ ಕಲಿಸುವ ಜಾಗ. ಕುರುಡರಿಗೆ, ಕಿವುಡರಿಗೆ, ದಿಕ್ಕಿಲ್ಲದ ಬಡವರಿಗೆ ಅನ್ನ ಹಾಕುವ ಜಾಗ. ರೋಗಿಗಳಿಗೆ ಮದ್ದು ಕೊಡುವ ಜಾಗ. ಒಂದೇ ಅಂಗಳದಲ್ಲಿ ಕಾಲೇಜು, ಆಸ್ಪತ್ರೆ, ಅನ್ನಛತ್ರ. 1162ರಲ್ಲಿ. ನಾನು ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟೆ.

ಬಿಜ್ಜಳ ನಮ್ಮ ನಾಟಕಗಳ ಖಳನಾಯಕ. ಹರಳಯ್ಯ ಮಧುವರಸರ ಕಥೆ, ಕಲ್ಯಾಣದಲ್ಲಿ ಹರಿದ ರಕ್ತ, ಅದನ್ನು ಕೇಳಿ ಬೆಳೆದವರು ನಾವು. ಆ ನೋವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಶಾಸನಗಳಲ್ಲಿ ಕಾಣುವ ಬಿಜ್ಜಳನೂ ಇದ್ದಾನೆ. ಮಂಗಳವೇಡೆಯ ಕಳಚುರಿ ಮನೆತನದವನು, ಚಾಲುಕ್ಯರ ಕೈಕೆಳಗೆ ತರ್ದವಾಡಿ ನಾಡನ್ನು ನೋಡಿಕೊಳ್ಳುತ್ತಿದ್ದವನು. ದೊರೆ ದುರ್ಬಲನಾದಾಗ ಮೆಲ್ಲಮೆಲ್ಲನೆ ಅಧಿಕಾರ ಹಿಡಿದು ಕಲ್ಯಾಣವನ್ನೇ ತನ್ನದು ಮಾಡಿಕೊಂಡ. ಶಾಸನದಿಂದ ಶಾಸನಕ್ಕೆ ಅವನ ಬಿರುದು ದೊಡ್ಡದಾಗುತ್ತಾ ಹೋಗುವುದನ್ನು ಜೋಡಿಸಿಯೇ ವಿದ್ವಾಂಸರು ಈ ಕಥೆ ಹೇಳಿದ್ದಾರೆ. ಇಲ್ಲಿ ರಾಜನ ಭಾಗವೂ ಕೆಲಸಕ್ಕೆ ಬಂತು ಅನ್ನಿ. ಅವನ ಮಕ್ಕಳು ಒಬ್ಬರ ಹಿಂದೆ ಒಬ್ಬರು ಪಟ್ಟಕ್ಕೆ ಬಂದರು, 20 ವರ್ಷವೂ ನಿಲ್ಲಲಿಲ್ಲ.

ಮತ್ತೆ ಬಸವಣ್ಣ. ಸ್ಥಾವರಕ್ಕೆ ಅಳಿವುಂಟು ಅಂದವರು ಅವರು. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಆಸೆ ಇದ್ದವರಲ್ಲ. ವಚನಗಳು ಜನರ ಬಾಯಲ್ಲಿ, ಓಲೆಗರಿಯಲ್ಲಿ ಉಳಿದವು. ಆದರೆ ಒಂದು ಕಾಲದಲ್ಲಿ ಕೆಲವರು, ಬಸವಣ್ಣ ಅಂತ ಒಬ್ಬರು ನಿಜವಾಗಿ ಇದ್ದರೇ, ಶಾಸನದ ಸಾಕ್ಷಿ ಎಲ್ಲಿದೆ ಅಂತ ಕೇಳಿದರು. ಉತ್ತರ ಸಿಕ್ಕಿದ್ದು ಎಲ್ಲಿ? ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡ ಎಂಬ ಹಳ್ಳಿಯಲ್ಲಿ. ಸೇವುಣ ದೊರೆ ಕನ್ನರನ ಕಾಲದ, 1260ರ ಕಲ್ಲು. ಬಸವಣ್ಣನವರು ಹೋಗಿ ನೂರು ವರ್ಷವೂ ಆಗಿರಲಿಲ್ಲ. ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ, ಸಂಗಮೇಶ್ವರನ ಭಕ್ತ ಅಂತ ಅದರಲ್ಲಿ ಇದೆ. ಒಂದು ಹಳ್ಳಿಯ ಒಂದು ಕಲ್ಲು! ಆ ಕಲ್ಲಿನ ಮೇಲೆ ಯಾರಾದರೂ ಯಾವುದೋ ಒಂದು ವರ್ಷ ಚಪ್ಪಡಿ ಬೇಕು ಅಂತ ಉಳಿ ಇಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ. ಅರ್ಜುನವಾಡದವರ ಅಜ್ಜ ಮುತ್ತಜ್ಜಂದಿರು ಹಾಗೆ ಮಾಡಲಿಲ್ಲ. ಅವರಿಗೆ ನಾವೆಲ್ಲ ಋಣಿಗಳು.

ಗಣಿತದ ಭಾಸ್ಕರಾಚಾರ್ಯರ ವಿಷಯವೂ ಹೀಗೇ. 1114ರಲ್ಲಿ ಹುಟ್ಟಿ 36ನೇ ವಯಸ್ಸಿಗೆ ಸಿದ್ಧಾಂತ ಶಿರೋಮಣಿ ಬರೆದವರು. ನಮ್ಮ ವಿಜಯಪುರದವರು, ಇಲ್ಲ ಮಹಾರಾಷ್ಟ್ರದವರು ಅಂತ ವಾದ ಇದ್ದೇ ಇದೆ. ಅವರ ಮನೆತನದ ವಿವರ ಸಿಗುವುದು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣ ಎಂಬಲ್ಲಿನ 1207ರ ಶಾಸನದಲ್ಲಿ. ಮೊಮ್ಮಗ ಚಾಂಗದೇವ ತಾತನ ಪುಸ್ತಕಗಳನ್ನು ಕಲಿಸಲು ಮಠ ಮಾಡಿಸಿ ಅದನ್ನು ಬರೆಸಿದ. ಯಾರ ಊರಿನವರು ಅನ್ನುವ ಜಗಳಕ್ಕಿಂತ ಮೊಮ್ಮಗನ ಈ ಪ್ರೀತಿ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ಹೆಸರೇ ಗೊತ್ತಿಲ್ಲದ ಎಷ್ಟೋ ಮಂದಿ. ತುರುಗೋಳಿನಲ್ಲಿ, ಅಂದರೆ ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಬೆನ್ನಟ್ಟಿ ಹೋಗಿ ಸತ್ತ ಹುಡುಗರ ವೀರಗಲ್ಲುಗಳು ನಿಮ್ಮ ಹನುಮಂತ ದೇವರ ಗುಡಿಯ ಹಿಂದೆ ಇರುತ್ತವೆ. ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಮುಂದೆ ಕೂತಿರುವುದು. ಪಕ್ಕದಲ್ಲಿ ಬಳೆ ತೊಟ್ಟ ಒಂದು ತೋಳು ಮೇಲೆದ್ದು ನಿಂತಿರುವ ಕಲ್ಲಿದ್ದರೆ ಅದು ಮಾಸ್ತಿಗಲ್ಲು. ಸುಟ್ಟುಹೋದ ಒಂದು ಹೆಣ್ಣುಜೀವದ ಗುರುತು ಅದು. ಅದರ ಮುಂದೆ ನಿಂತಾಗ ನನಗೆ ಕೈ ಮುಗಿಯಬೇಕೋ ಅಳಬೇಕೋ ತಿಳಿಯುವುದಿಲ್ಲ.

ಈಗ ಇವುಗಳ ಗತಿ ಏನಾಗಿದೆ ಅಂತ ನಾನು ಕಂಡದ್ದನ್ನು ಹೇಳುತ್ತೇನೆ. ಊರು ಹೆಸರು ಬೇಡ.

ಬಟ್ಟೆ ಒಗೆಯುವ ಕಲ್ಲಾಗಿದೆ. ಅಕ್ಷರದ ಮೇಲೆಯೇ ಸೋಪು ಉಜ್ಜುತ್ತಾರೆ. ಒಂದು ಕಡೆ ಕೊಟ್ಟಿಗೆಯ ಹೊಸ್ತಿಲಾಗಿದೆ. ಒಂದು ಕಡೆ ಗುಡಿ ಜೀರ್ಣೋದ್ಧಾರ ಮಾಡುವಾಗ ಗೋಡೆಗೆಲ್ಲ ಟೈಲ್ಸ್ ಅಂಟಿಸಿದ್ದಾರೆ, ಶಾಸನ ಟೈಲ್ಸ್ ಹಿಂದೆ ಹೋಗಿದೆ. ಇನ್ನೊಂದು ಕಡೆ ಭಕ್ತಿಯಿಂದಲೇ ಎನಾಮೆಲ್ ಪೇಂಟು ಬಳಿದಿದ್ದಾರೆ, ವರ್ಷಕ್ಕೊಂದು ಕೋಟು. ಅಕ್ಷರದ ಗುಳಿಗಳೆಲ್ಲ ತುಂಬಿ ಕಲ್ಲು ಬಿಂದಿಗೆಯ ಹಾಗೆ ನುಣ್ಣಗಾಗಿದೆ. ಬಳಿದವರ ಮನಸ್ಸು ಒಳ್ಳೆಯದೇ. ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ.

ಎಲ್ಲಕ್ಕಿಂತ ಕೆಟ್ಟದ್ದು ನಿಧಿಯ ಹುಚ್ಚು. ಕಲ್ಲಿನ ತಲೆಯ ಮೇಲಿನ ಸೂರ್ಯ ಚಂದ್ರರನ್ನು, ಹಸುವನ್ನು ನಿಧಿಯ ಗುರುತು ಅಂತ ಯಾರೋ ಹೇಳುತ್ತಾರೆ. ಅಮಾವಾಸ್ಯೆ ರಾತ್ರಿ ಬುಡ ಅಗೆಯುತ್ತಾರೆ. ದಯವಿಟ್ಟು ಊರಿನಲ್ಲಿ ಡಂಗುರ ಹೊಡೆಸಿ ಹೇಳಿ: ಅದರ ಕೆಳಗೆ ಏನೂ ಇಲ್ಲ. ಸೂರ್ಯ ಚಂದ್ರ ಅಂದರೆ ಅವರಿಬ್ಬರು ಇರುವವರೆಗೆ ಈ ದಾನ ನಡೆಯಲಿ ಅಂತ. ಓದು ಬಾರದವರಿಗೂ ತಿಳಿಯಲಿ ಅಂತ ಚಿತ್ರ ಹಾಕಿದ್ದು. ಎಷ್ಟೋ ಶಾಸನಗಳ ಕೊನೆಯಲ್ಲಿ ಒಂದು ಶಾಪವೂ ಇರುತ್ತದೆ, ಕೊಟ್ಟ ನೆಲವನ್ನು ಕಿತ್ತುಕೊಂಡವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ. ಬರೆದವರಿಗೆ ಮುಂದೆ ಬರುವ ನಮ್ಮ ಬಗ್ಗೆ ಭಯ ಇತ್ತು. ಹೇಗಾದರೂ ಇದು ಉಳಿಯಲಿ ಅಂತ ಆಸೆಯೂ ಇತ್ತು.

ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ ಅಂತ ನೀವು ಹೇಳಬಹುದು. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ತುಂಬಾ ಸಂತೋಷ. ಕುಕನೂರು ಬಳಿಯ ಇಟಗಿಯಲ್ಲಿ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನವೇ ದೇವಾಲಯ ಚಕ್ರವರ್ತಿ ಅಂದಿದೆ, ಅದಕ್ಕೂ ಕಾವಲಿದೆ. ಆದರೆ ಹೊಲದ ಬದುವಿನಲ್ಲಿ, ಬಸ್ ಸ್ಟಾಪ್ ಹಿಂದೆ, ಕೆರೆ ತೂಬಿನ ಪಕ್ಕ ನಿಂತಿರುವ ಒಂಟಿ ಕಲ್ಲುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. ಅವುಗಳಿಗೆ ಇರುವುದು ನೀವೊಬ್ಬರೇ.

ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರವ ಬಿ.ಎಲ್. ರೈಸ್ 19ನೇ ಶತಮಾನದ ಕೊನೆಗೆ ಮೈಸೂರು ಸೀಮೆಯ ಹಳ್ಳಿ ಹಳ್ಳಿ ತಿರುಗಿಸಿ ಸುಮಾರು 9 ಸಾವಿರ ಶಾಸನಗಳ ಪಡಿಯಚ್ಚು ಮಾಡಿಸಿ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಆಗ ಕಾರಿಲ್ಲ, ಕ್ಯಾಮೆರಾ ಫೋನ್ ಇಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ತೆಗೆದ ಅಚ್ಚುಗಳು. ಆ ಸಂಪುಟಗಳನ್ನು ಹಿಡಿದು ಇವತ್ತು ಹುಡುಕಲು ಹೋದರೆ ಎಷ್ಟೋ ಕಲ್ಲುಗಳು ಹೇಳಿದ ಜಾಗದಲ್ಲಿ ಇಲ್ಲ. ನಾನೇ ಹೀಗೆ ಎಷ್ಟು ಊರಿನಿಂದ ಬರಿಗೈಲಿ ವಾಪಸ್ ಬಂದಿದ್ದೇನೋ.

ಆದರೆ ಆಗದ ಕೆಲಸವೇನೂ ಅಲ್ಲ ಇದು. ಬೆಂಗಳೂರಿನ ಹೆಬ್ಬಾಳದಲ್ಲಿ 8ನೇ ಶತಮಾನದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಸಿಕ್ಕಿತು. ಸ್ಥಳೀಯರು, ಆಸಕ್ತರು ಸೇರಿ ಅದಕ್ಕೊಂದು ಮಂಟಪವನ್ನೇ ಕಟ್ಟಿದರು. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರವನ್ನೂ ಓದುವ ಹಾಗೆ ಕಂಪ್ಯೂಟರಿನಲ್ಲಿ ಇಡುತ್ತಿದ್ದಾರೆ. ಅಷ್ಟು ದೊಡ್ಡ ಯಂತ್ರ ನಿಮ್ಮ ಬಳಿ ಇರಬೇಕಾಗಿಲ್ಲ.

ನಾನು ಕೇಳುವುದು ಇಷ್ಟು. ಮುಂದಿನ ಗ್ರಾಮಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಿ. ಊರಿನಲ್ಲಿ ಬರಹದ ಕಲ್ಲು, ವೀರಗಲ್ಲು, ಮಾಸ್ತಿಗಲ್ಲು ಎಲ್ಲೆಲ್ಲಿ ಇವೆ ಅಂತ ವಯಸ್ಸಾದವರನ್ನು ಕೇಳಿ ಒಂದು ಪಟ್ಟಿ ಮಾಡಿಸಿ, ಪಂಚಾಯ್ತಿ ದಾಖಲೆಯಲ್ಲಿ ಸೇರಿಸಿ. ಶಾಲೆಯ ಮೇಷ್ಟ್ರಿಗೆ, ಟೀಚರಿಗೆ ಹೇಳಿದರೆ ಮಕ್ಕಳು ಒಂದೇ ಶನಿವಾರದಲ್ಲಿ ಮುಗಿಸುತ್ತಾರೆ. ಫೋಟೋ ತೆಗೆಯುವುದು ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ, ಬಿಸಿಲು ಓರೆಯಾಗಿ ಬೀಳುವಾಗ. ಆಗ ಅಕ್ಷರ ಎದ್ದು ಕಾಣುತ್ತದೆ. ಮಣ್ಣು ಮೆತ್ತಿದ್ದರೆ ನೀರು, ಮೆತ್ತನೆಯ ಬ್ರಶ್ಶು ಸಾಕು. ಆಸಿಡ್ ಬೇಡ, ತಂತಿ ಬ್ರಶ್ಶು ಬೇಡ, ಪೇಂಟು ಖಂಡಿತ ಬೇಡ. ಆ ಫೋಟೋಗಳನ್ನು ಪುರಾತತ್ವ ಇಲಾಖೆಗೆ ಒಂದು ಪತ್ರದ ಜೊತೆ ಕಳಿಸಿ, ಹತ್ತಿರದ ಕಾಲೇಜಿನ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೂ ಕಳಿಸಿ. ರಸ್ತೆ, ಚರಂಡಿ, ಕೆರೆ ಹೂಳು ಯಾವ ಕೆಲಸಕ್ಕೆ ಟೆಂಡರ್ ಕೊಟ್ಟರೂ ಬರಹದ ಕಲ್ಲು ಸಿಕ್ಕರೆ ಕೆಲಸ ನಿಲ್ಲಿಸಿ ತಿಳಿಸಬೇಕು ಅಂತ ಒಂದು ಸಾಲು ಸೇರಿಸಿ. ಕಲ್ಲನ್ನು ಇದ್ದ ಜಾಗದಲ್ಲೇ ಬಿಡಲು ಆದರೆ ಅದೇ ಒಳ್ಳೆಯದು. ನೆಲದ ಗಡಿ ಹೇಳುವ ಕಲ್ಲು ತನ್ನ ಜಾಗದಲ್ಲಿದ್ದರೇ ಮಾತಾಡುವುದು. ಆಗಲೇ ಇಲ್ಲ ಅಂದರೆ ಪಂಚಾಯ್ತಿ ಕಚೇರಿಯ ಮುಂದೆ ನಿಲ್ಲಿಸಿ, ಎಲ್ಲಿಂದ ತಂದದ್ದು ಅಂತ ಬರೆದಿಡಿ.

ಕಲ್ಲಿನ ಮೇಲಿನ ಪದ್ಯಗಳನ್ನು ಕಟ್ಟಿದವರಲ್ಲಿ ದೊಡ್ಡ ದೊಡ್ಡ ಕವಿಗಳೂ ಇದ್ದಾರೆ. ಬಲ್ಲಾಳನಿಂದ ಕವಿಚಕ್ರವರ್ತಿ ಅಂತ ಕರೆಸಿಕೊಂಡ ಜನ್ನನೇ 1190ರ ದಶಕದಲ್ಲಿ ಚನ್ನರಾಯಪಟ್ಟಣ, ತರೀಕೆರೆ ಸೀಮೆಯ ಶಾಸನಗಳಿಗೆ ಬರೆದುಕೊಟ್ಟಿದ್ದಾನೆ. ನಿಮ್ಮ ಊರಿನ ಕಲ್ಲಿನ ಮೇಲೆ ಯಾರ ಕೈ ಆಡಿದೆಯೋ ಯಾರು ಬಲ್ಲರು.

ನಮ್ಮೂರಿನ ಪಂಚಾಯ್ತಿಗೆ ಬೇರೆಯಾಗಿ ಅರ್ಜಿ ಕೊಟ್ಟಿದ್ದೇನೆ. ಬೇಸಿಗೆಯಲ್ಲಿ ಮೋರಿಯ ರಿಪೇರಿ ಇದೆ ಅಂತ ಕೇಳಿದೆ. ಅಗೆಯುವ ದಿನ ಮುಂಚಿತವಾಗಿ ಒಂದು ಫೋನ್ ಮಾಡಿಸಿ, ರಜೆ ಹಾಕಿ ಬರುತ್ತೇನೆ. ಟ್ರ್ಯಾಕ್ಟರ್ ಬಾಡಿಗೆ, ಇಬ್ಬರು ಆಳಿನ ಕೂಲಿ ನನ್ನದು. ತಳದಲ್ಲಿ ಆ ಕೆಳಗಿನ ತುಂಡು ಸಿಕ್ಕರೆ, ಎರಡನ್ನೂ ಏರಿಯ ಮೇಲೆ ಜೋಡಿಸಿ ನಿಲ್ಲಿಸೋಣ. "ಸಲುತ್ತಮಿರೆ" ಆದ ಮೇಲೆ ಏನು ಬರೆದಿದೆ ಅಂತ ಅಲ್ಲೇ ನಿಂತು ಊರಿಗೆಲ್ಲ ಓದಿ ಹೇಳುತ್ತೇನೆ.

ಇಂತಿ ನಿಮ್ಮ,
ಶಾಸನ ಹುಡುಕುತ್ತಾ ನಿಮ್ಮೂರಿಗೂ ಬರಲಿರುವ ಒಬ್ಬ ಕನ್ನಡಿಗ